ಹತ್ತಿ ಬೆಳ್ಳಗಾಗುವ ತನಕ

ಕಾರುಗಳಿಗೆ ಬಣ್ಣ ಹೊಡೆಯುವ ಆ ಶೆಡ್ಡಿನಲ್ಲಿ ಅವಳಿಗೆ ಕನ್ನಡಿಯಕ್ಕ ಎಂದು ಹೆಸರು. ಅವಳು ಮುಗಿಸಿದ ಬಾಗಿಲ ಮುಂದೆ ನಿಂತು ಗಿರಾಕಿಗಳು ತಲೆ ಬಾಚಿಕೊಳ್ಳುತ್ತಾರೆ ಎಂದು ಡೆಂಟರ್, ಅಂದರೆ ತಗಡಿನ ನಗ್ಗು ತೆಗೆಯುವವನು, ಹಬ್ಬಿಸಿದ ಮಾತದು. ಹನ್ನೊಂದು ವರ್ಷ ಎಮರಿ ಕಾಗದ ಹಿಡಿದು ತಗಡು ಉಜ್ಜಿದ ಮೇಲೆ ಅವಳ ಕೈಗೆ ಸ್ಪ್ರೇ ಗನ್ನು ಬಂದಿತ್ತು. ಬಂದು ಮೂರೇ ವರ್ಷ. ಬಣ್ಣ ಹೊಡೆಯುವ ಗಾಜಿನ ಕೋಣೆಯಾದ ಬೂತಿನ ಬಾಗಿಲು ಮುಚ್ಚಿ, ಗಾಳಿಯ ಯಂತ್ರ ಗುಂಯ್‌ಗುಟ್ಟಿ, ಬಣ್ಣದ ಮೊದಲ ಪದರ ತಗಡಿನ ಮೇಲೆ ಉಸಿರು ಕಟ್ಟಿದ ಹಾಗೆ ಕೂರುವ ಆ ಗಳಿಗೆಗಾಗಿಯೇ ಅವಳು ಬೆಳಿಗ್ಗೆ ಏಳುತ್ತಿದ್ದಳು.

ಈ ವರ್ಷ ಅವಳ ಮುಖ ಕೈಕೊಟ್ಟಿತು. ಬೂತಿನೊಳಗೆ ಹಾಕಲೇಬೇಕಾದ ರಬ್ಬರ್ ಮಾಸ್ಕು ಒತ್ತುವ ಜಾಗದಲ್ಲೆಲ್ಲ, ಮೂಗಿನ ಬುಡದಿಂದ ಕೆನ್ನೆಗಿಳಿದು ಗಲ್ಲದ ಕೆಳಗೆ ಸುತ್ತುವ ತನಕ, ಕೆಂಪು ಗುಳ್ಳೆಗಳ ಒಂದು ಗೆರೆ ಎದ್ದಿತು. ಪಟ್ಟಿ ಬಿಗಿದರೆ ಜೀವ ಹೋಗುವಷ್ಟು ಉರಿ. ಹಾಗಾಗಿ ಅವಳು ಯಾರಿಗೂ ಹೇಳದೆ ಪಟ್ಟಿಯನ್ನು ಒಂದು ತೂತಿನಷ್ಟು ಸಡಿಲ ಬಿಡತೊಡಗಿದಳು.

ಹೇಳದಿದ್ದರೇನು, ಮೇಸ್ತ್ರಿಗೆ ಕಣ್ಣಿರಲಿಲ್ಲವೇ?

"ಮುಂದಿನ ತಿಂಗಳ ಮೊದಲ ಶುಕ್ರವಾರ ಮಾಸ್ಕ್ ಪರೀಕ್ಷೆಗೆ ಸೇಫ್ಟಿ ಮೇಡಂ ಬರ್ತಾರೆ," ಎಂದ. "ಅಷ್ಟರಲ್ಲಿ ಆ ಮುಖ ಸರಿ ಮಾಡ್ಕೋ ತಾಯಿ. ಮಾಸ್ಕ್ ಒಳಗೆ ಗಾಳಿ ಸೋರ್ತು ಅಂದ್ರೆ ನಿನ್ನನ್ನ ಬೂತ್ ಒಳಗೆ ಬಿಡೋಕೆ ನನ್ನ ಕೈಲಾಗಲ್ಲ. ಮತ್ತೆ ಎಮರಿ ಕಾಗದಾನೇ ಗತಿ."

ಇನ್ನೂ ಮೂರು ವಾರವಿತ್ತು. ಚರ್ಮದ ಡಾಕ್ಟರ ಬಳಿ ಸರದಿ ಸಿಕ್ಕಿದ್ದು ಒಂದೂವರೆ ತಿಂಗಳ ಆಚೆ. ಅವಳು ಮುಖಕ್ಕೆ ಹಚ್ಚುವ ಸಾಮಾನಿನ ಅಂಗಡಿಗೆ ಹೋದಳು.

"ಮುಖ ಒರೆಸೋ ಟೋನರ್ ಬೇಕಾ ಆಂಟಿ? ನಿಮ್ಮದು ಎಣ್ಣೆ ಚರ್ಮವಾ, ಒಣ ಚರ್ಮವಾ?" ಎಂದಳು ಅಂಗಡಿಯ ಹುಡುಗಿ.

"ಉರಿಯೋ ಚರ್ಮ."

ಹುಡುಗಿ ಐದಾರು ಬಾಟಲಿ ಮುಂದಿಟ್ಟಳು. ಹಿಂದೆ ಬರೆದ ಅಕ್ಷರ ಸಾಸಿವೆಗಿಂತ ಸಣ್ಣದು. ಕನ್ನಡಿಯಕ್ಕ ಓದಲು ಹೋಗಲಿಲ್ಲ. ಒಂದೊಂದರ ಮುಚ್ಚಳ ತೆಗೆದು ಮೂಸಿದಳು. ನೀಲಿ ಬಾಟಲಿ ಮೂಗಿಗೆ ರಪ್ಪನೆ ಹೊಡೆಯಿತು. ತಗಡಿನ ಎಣ್ಣೆ ಒರೆಸುವ ಥಿನ್ನರಿನ ಒಡಹುಟ್ಟು! ಎಣ್ಣೆಯೇ ಬಣ್ಣದ ಶತ್ರು, ಎಣ್ಣೆ ತೆಗೆಯುವುದೇ ಅರ್ಧ ಕೆಲಸ ಎಂದು ನಂಬಿದ ಮೂಗು ಅದು. ಆ ನೀಲಿ ಬಾಟಲಿಯನ್ನೇ ತಂದಳು.

ದಿನಕ್ಕೆರಡು ಸಲ, ಹತ್ತಿಯಲ್ಲಿ ಅದ್ದಿ ಒರೆಸಿದಳು. ಮುಖ ಬೆಂಕಿಯಾಯಿತು. ಉರಿದರೆ ಕೆಲಸ ಮಾಡುತ್ತಿದೆ ಎಂದುಕೊಂಡು ಹಲ್ಲು ಕಚ್ಚಿದಳು. ವಾರ ಕಳೆಯುವಷ್ಟರಲ್ಲಿ ಕೆಂಪು ಗೆರೆ ಎರಡು ಬೆರಳಗಲ ಹರಡಿತ್ತು. ಮೇಲಿನ ಮನೆಯವಳು ಇನ್ನೊಂದು ಬಾಟಲಿ ಕೊಟ್ಟಳು: ಹಳೇ ಚರ್ಮ ಸುಲಿದು ಹೊಸದು ತರುತ್ತದಂತೆ. ಸುಲಿದದ್ದೇನೋ ನಿಜ, ಹೊಸದು ಬರಲಿಲ್ಲ. ಮೂರನೆಯದು ಗುಲಾಬಿಯದು, ವಾಸನೆಗೇ ಸೀನು ಬಂತು.

"ನೀನು ಕೆಂಪಗಾದ್ರೆ ನಾಚಿಕೆ ಅಂದ್ಕೋತಿದ್ದೆ," ಎಂದ ಗಂಡ, ಊಟದ ತಟ್ಟೆಯಿಂದ ತಲೆಯೆತ್ತಿ. "ಈಗ ನೋಡಿದ್ರೆ ಯಾವ ಬಾಟ್ಲಿ ಅಂತ ಕೇಳ್ಬೇಕು."

"ನಗ್ರಿ, ನಗ್ರಿ. ನಾಳೆ ನನ್ನ ಗನ್ನು ಕಿತ್ಕೊಂಡ್ರೆ ನಿಮಗೇನು?"

ಅವನು ನಗು ನುಂಗಿದ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ನಗುವವರ ಮೇಲೆ ಹರಿಹಾಯಬಹುದು. ಪಾಪ ಅನ್ನುವವರನ್ನು ಏನು ಮಾಡುವುದು?

ಪರೀಕ್ಷೆಗೆ ಐದು ದಿನ ಇದ್ದಾಗ, ಭಾನುವಾರ, ತಂಗಿ ಬಂದಳು. ಪಾರ್ಲರಿನಲ್ಲಿ ಇತರರ ಮುಖ ತೊಳೆದು ತೊಳೆದು ಬೆರಳು ಸುಕ್ಕುಗಟ್ಟಿಸಿಕೊಂಡವಳು. ಬಚ್ಚಲ ಬಾಗಿಲಿಗೆ ಒರಗಿ ಅಕ್ಕ ಮುಖ ಒರೆಸುವುದನ್ನು ನೋಡಿದಳು. ಒಂದು ಹತ್ತಿ ಉಂಡೆ, ಎರಡು, ಮೂರು, ಏಳು. ಪ್ರತಿಯೊಂದನ್ನೂ ಅಕ್ಕ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ ಎಸೆಯುತ್ತಿದ್ದಳು.

"ಅಕ್ಕಾ, ಎಷ್ಟು ಸಲ ಒರೆಸ್ತೀಯೇ?"

"ಹತ್ತಿ ಬೆಳ್ಳಗಾಗ್ಬೇಕಲ್ಲ."

"ಯಾರು ಹೇಳಿದ್ದು ಹಂಗಂತ?"

"ಹೇಳೋದೇನಿದೆ ಅದರಲ್ಲಿ? ಒರೆಸಿದ ಬಟ್ಟೆ ಬೆಳ್ಳಗಾಗೋ ತನಕ ಬಣ್ಣ ಹೊಡೆಯೋ ಹಾಗಿಲ್ಲ. ಒಂದು ಬೆರಳ ಗುರುತು ಉಳಿದ್ರೂ ಮೇಲೆ ಗುಂಡಿ ಬೀಳತ್ತೆ."

ತಂಗಿ ಕೊನೆಯ ಉಂಡೆಯನ್ನು ಅವಳ ಕೈಯಿಂದ ತೆಗೆದುಕೊಂಡು ಕಿಟಕಿಯ ಬಳಿ ಹೋಗಿ ನೋಡಿದಳು. ಹತ್ತಿಯ ಮೇಲೆ ತೆಳುವಾದ ನಸುಗೆಂಪು.

"ಇದು ಕೊಳೆ ಅಲ್ಲ ಅಕ್ಕ. ಇದು ನೀನೇ. ಮುಖಾನ ಬಾನೆಟ್ಟು ಅಂದ್ಕೊಂಡಿದ್ದೀಯಾ? ತಗಡಿನ ತನಕ ಇಳಿಯೋಕೆ ಹೊರಟಿದ್ದೀಯಾ?"

ಹದಿನಾಲ್ಕು ವರ್ಷದಲ್ಲಿ ಕನ್ನಡಿಯಕ್ಕನ ಕೈ ಒಂದೇ ಒಂದು ಪಾಠವನ್ನು ಕಣ್ಣು ಮುಚ್ಚಿ ಮಾಡುವಷ್ಟು ಚೆನ್ನಾಗಿ ಕಲಿತಿತ್ತು. ಆ ಪಾಠವೇ ಮುಖಕ್ಕೆ ಮುಳುವಾಗಿತ್ತು.

ತಂಗಿ ಮೂರು ಬಾಟಲಿಗಳನ್ನೂ ಅಟ್ಟದ ಮೇಲೆ ತಳ್ಳಿ, ತಾನು ತಂದದ್ದನ್ನು ಕೊಟ್ಟಳು. ಬಣ್ಣವಿಲ್ಲ, ವಾಸನೆಯಿಲ್ಲ.

"ನೀರಿನ ಹಾಗಿದೆಯಲ್ಲೇ ಇದು. ಇದಕ್ಕೆ ದುಡ್ಡು ಕೊಟ್ಟೆಯಾ?"

"ಹೂಂ, ಅದಕ್ಕೇ ಕೊಟ್ಟೆ. ಸ್ಪಿರಿಟ್ಟು ಇಲ್ಲ, ಆಸಿಡ್ಡು ಇಲ್ಲ, ಸೆಂಟು ಇಲ್ಲ. ಕೇಳು ಈಗ. ಬರೀ ನೀರಲ್ಲಿ ಮುಖ ತೊಳೆ. ಹಸಿ ಇರುವಾಗಲೇ ಅಂಗೈಗೆ ನಾಲ್ಕು ಹನಿ ಹಾಕ್ಕೊಂಡು ಮೆಲ್ಲಗೆ ಒತ್ತು. ಹತ್ತಿ ಬೇಡ. ಉಜ್ಜೋದು ಬೇಡ. ಮೇಲೆ ಈ ಕ್ರೀಮು. ಚರ್ಮ ಒಡೆದಿರೋ ಕಡೆ ಟೋನರ್ರೂ ಬೇಡ, ಕ್ರೀಮ್ ಒಂದೇ ಸಾಕು. ಉರೀತು ಅಂದ್ರೆ ಆ ಬಾಟ್ಲಿ ನಿನ್ನದಲ್ಲ, ತಿಳೀತಾ?"

"ಆಮೇಲೆ?"

"ಆಮೇಲೆ ಏನಿಲ್ಲ. ಸುಮ್ನಿರು."

ಸುಮ್ಮನಿರುವುದು! ಕೆರೆ ತೋಡು ಎಂದಿದ್ದರೆ ತೋಡುತ್ತಿದ್ದಳು. ಸೋಮವಾರ ಸುಮ್ಮನಿದ್ದಳು. ಮಂಗಳವಾರ ಉರಿ ಇಳಿಯಿತು. ಬುಧವಾರ ಬಸ್ಸಿನಲ್ಲಿ ನಿಂತಾಗ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೆಳಗಿಳಿಸಿದಳು, ಹಟದ ಮಗುವನ್ನು ಇಳಿಸುವ ಹಾಗೆ. ಗುರುವಾರ ಸಂಜೆ ಮೂಗಿನ ಪಕ್ಕದಲ್ಲಿ ಒಣಗಿದ ಹೊಪ್ಪಳೆ ಏಳತೊಡಗಿತು.

ಶುಕ್ರವಾರ ಬೆಳಿಗ್ಗೆ ಕನ್ನಡಿಯಲ್ಲಿ ಆ ಹೊಪ್ಪಳೆ ಅವಳಿಗೆ ಸಿಪ್ಪೆ ಎದ್ದ ಹಳೇ ಬಣ್ಣದಂತೆ ಕಂಡಿತು. ಇಂಥ ಒರಟು ಅಂಚಿನ ಮೇಲೆ ರಬ್ಬರು ಹೇಗೆ ಕೂತೀತು? ಗಾಳಿ ನುಗ್ಗದೆ ಇದ್ದೀತೇ? ಅವಳು ಸ್ಟೂಲು ಹತ್ತಿ ಅಟ್ಟದಿಂದ ನೀಲಿ ಬಾಟಲಿಯನ್ನು ಇಳಿಸಿದಳು. ಒಂದೇ ಸಲ, ಅಂಚು ನಯವಾಗುವಷ್ಟು, ಅಷ್ಟೇ.

ಹೊಪ್ಪಳೆ ಬಂತು. ಅದರ ಜೊತೆಗೆ ಅಡಿಯ ಹಸಿ ಚರ್ಮವೂ ಬಂತು.

ಪರೀಕ್ಷೆ ನಡೆದದ್ದು ಶೆಡ್ಡಿನ ಆಫೀಸು ಕೋಣೆಯಲ್ಲಿ. ಮಾಸ್ಕು ಹಾಕಿಸಿ, ತಲೆಯ ಮೇಲೆ ಪಾರದರ್ಶಕ ಚೀಲವೊಂದನ್ನು ಕವುಚಿ, ಮೇಡಂ ಒಂದು ತೂತಿನಿಂದ ಕಹಿ ದ್ರಾವಣದ ಹನಿ ಸಿಂಪಡಿಸಿದರು. ಮಾಸ್ಕು ಸರಿಯಾಗಿ ಕೂತಿದ್ದರೆ ನಾಲಿಗೆಗೆ ಏನೂ ತಿಳಿಯಬಾರದು.

"ಪಟ್ಟಿ ಇನ್ನೂ ಬಿಗೀರಿ."

ಬಿಗಿದಳು. ಕಣ್ಣಲ್ಲಿ ನೀರು ಬಂತು. ಬೆರಳು ತಾನಾಗಿ ಸಡಿಲಿಸಿತು.

"ತಲೆ ಮೇಲೆ ಕೆಳಗೆ ಆಡಿಸಿ. ಏನಾದ್ರೂ ರುಚಿ ಬಂತಾ?"

ಸುಳ್ಳು ಹೇಳಬಹುದಿತ್ತು. ಆದರೆ ನಾಲಿಗೆಗೆ ಮುಟ್ಟಿದ ಕಹಿಗೆ ಮುಖ ಆಗಲೇ ಹಿಂಡಿಕೊಂಡಿತ್ತು. ಬಾಯಿ ಮುಚ್ಚಿಟ್ಟರೂ ಮುಖ ಹೇಳಿಬಿಟ್ಟಿತು.

"ಮೂರು ವಾರ ಬಿಟ್ಟು ನೋಡೋಣ," ಎಂದರು ಮೇಡಂ. ಅಷ್ಟು ಮೆತ್ತಗೆ ಹೇಳದಿದ್ದರೆ ಚೆನ್ನಾಗಿತ್ತು.

ಗನ್ನು ಡೆಂಟರನ ಕೈಗೆ ಹೋಯಿತು. ಸುತ್ತಿಗೆ ಹಿಡಿದ ಕೈಗೆ ಗನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕನ್ನಡಿಯಕ್ಕ ಗಾಜಿನ ಈಚೆಯಿಂದ ದಿನವೂ ನೋಡಿದಳು. ಬಣ್ಣ ದಪ್ಪವಾಗಿ ಬಿದ್ದು, ಕೆಂಪು ಬಾಗಿಲೊಂದರ ಮೇಲೆ ಮೇಣದ ಹಾಗೆ ಇಳಿದು ನಿಂತಿತ್ತು. ಅವಳು ಎಮರಿ ಕಾಗದವನ್ನು ಹರಿಯುವಷ್ಟು ಬಲವಾಗಿ ಉಜ್ಜಿದಳು.

"ಅಕ್ಕ, ಹೇಗಿದೆ ನನ್ನ ಕೈಚಳಕ?" ಎಂದ ಅವನು, ಊಟದ ಹೊತ್ತಿಗೆ.

"ತುಂಬಾ ಚೆನ್ನಾಗಿದೆ. ಅದರ ಮುಂದೆ ನಿಂತು ತಲೆ ಬಾಚ್ಕೊಂಡ್ರೆ ಬೈತಲೆ ಮೂರು ಕಾಣತ್ತೆ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಆ ಮೂರು ವಾರ ತಂಗಿ ಹೇಳಿದ್ದನ್ನೇ ಮಾಡಿದಳು. ನೀಲಿ ಬಾಟಲಿಯನ್ನು ಗಂಡನ ಕೈಯಿಂದಲೇ ಬಚ್ಚಲಿಗೆ ಸುರಿಸಿದಳು. ಬೆಳಿಗ್ಗೆ ನೀರು, ನಾಲ್ಕು ಹನಿ, ಕ್ರೀಮು. ಅರ್ಧ ನಿಮಿಷದ ಕೆಲಸ. ಮುಗಿದ ಮೇಲೂ ಕನ್ನಡಿಯ ಮುಂದೆ ಕೈ ಕಟ್ಟಿಕೊಂಡು ನಿಂತಿರುತ್ತಿದ್ದಳು. ಏನೋ ಬಾಕಿ ಉಳಿಸಿ ಹೋಗುತ್ತಿದ್ದೇನೆ ಎಂಬ ಕಸಿವಿಸಿ ಇಡೀ ದಿನ. ಕಷ್ಟಪಟ್ಟಾಗ ಕೆಟ್ಟದ್ದು, ಕೈಬಿಟ್ಟಾಗ ಸರಿಹೋಗುತ್ತಿದ್ದುದು ಅವಳಿಗೆ ಸಮಾಧಾನ ತರಲಿಲ್ಲ, ಅವಮಾನವೆನಿಸಿತು.

ಮೇಡಂ ಮತ್ತೆ ಬಂದರು. ಚೀಲ ಕವುಚಿದರು. ಹನಿ ಸಿಂಪಡಿಸಿದರು. ಮೇಲೆ, ಕೆಳಗೆ, ಎಡ, ಬಲ.

"ರುಚಿ?"

"ಇಲ್ಲ."

"ಏನೂ ಇಲ್ವಾ?"

"ಇಲ್ಲ ಅಂದ್ನಲ್ಲ ಮೇಡಂ!"

ಮೇಡಂ ಚೀಟಿ ಬರೆಯುತ್ತ, "ಚೆನ್ನಾಗಿ ವಾಸಿಯಾಗಿದೆ. ಏನ್ ಮಾಡಿದ್ರಿ?" ಎಂದು ಕೇಳಿದರು.

"ಏನೂ ಮಾಡಿಲ್ಲ," ಎಂದಳು ಕನ್ನಡಿಯಕ್ಕ, ದೂರು ಕೊಡುವವಳ ದನಿಯಲ್ಲಿ. "ಸುಮ್ನಿದ್ದೆ. ಮೂರು ವಾರ. ಅದೇನು ಸುಲಭ ಅಂದ್ಕೊಂಡ್ರಾ?"

ಮೇಸ್ತ್ರಿ ಗನ್ನು ತಂದು ಕೊಟ್ಟ. ಆದರೆ ಅವಳಿಗಾಗಿ ಕಾದಿದ್ದ ಮೊದಲ ಕೆಲಸ ಡೆಂಟರನ ಕೆಂಪು ಬಾಗಿಲೇ. ಇಳಿದು ನಿಂತ ಬಣ್ಣವನ್ನು ತೆಗೆಯದೆ ಹೊಸದು ಹೊಡೆಯುವಂತಿರಲಿಲ್ಲ. ಅವಳು ಗೊಣಗುತ್ತಲೇ ಎಮರಿ ಕಾಗದ ಹಿಡಿದು ಕೂತಳು. ಮಧ್ಯಾಹ್ನ ಪೂರ್ತಿ ಉಜ್ಜಿದಳು. ನಾಲ್ಕು ಗಂಟೆಗೆ ಎದ್ದು, ಬೂತಿನ ಬಾಗಿಲೆಳೆದುಕೊಂಡು, ಮಾಸ್ಕಿನ ಪಟ್ಟಿಯನ್ನು ಕೊನೆಯ ತೂತಿನ ತನಕ ಎಳೆದಳು. ನೋವಿಗಾಗಿ ಒಂದು ಕ್ಷಣ ಕಾದಳು. ಬರಲಿಲ್ಲ. ಗಾಳಿಯ ಯಂತ್ರದ ಗುಂಡಿ ಒತ್ತಿದಳು.