ಚಕ್ರದಡಿಯ ಕಲ್ಲು

ತೊಂಬತ್ತರ ದಶಕದ ಹೊಸ ತಿಪ್ಪಸಂದ್ರದಲ್ಲಿ ನಮ್ಮದು ಇಳಿಜಾರಿನ ಬೀದಿ. ತರಕಾರಿಯವಳ ಗಾಡಿ ನಿಂತರೆ ಚಕ್ರಕ್ಕೆ ಕಲ್ಲು ಕೊಡಲೇಬೇಕು. ವ್ಯಾಪಾರ ಮುಗಿಯುತ್ತಲೇ ಎದುರು ಮನೆಯ ಏರ್‌ಫೋರ್ಸ್ ಅಂಕಲ್ ಗೇಟು ತೆರೆದು ಬಂದು, ಮಂಡಿನೋವಿದ್ದರೂ ಬಗ್ಗಿ ಆ ಕಲ್ಲು ತೆಗೆದು, ಹೆಬ್ಬೆರಳೆತ್ತಿ, “ತೆಗ್ದೆ, ಹೊರಡಮ್ಮ” ಎನ್ನುತ್ತಿದ್ದರು. ಐಸ್‌ಕ್ರೀಮಿನವನ ಗಾಡಿಗೂ ಅಷ್ಟೇ. ನಿವೃತ್ತರಿಗೆ ಹೊತ್ತು ಹೋಗಬೇಕಲ್ಲ ಎಂದು ನಾವು ನಗುತ್ತಿದ್ದೆವು.

ಒಂದು ಆಗಸ್ಟ್ ಹದಿನೈದರಂದು, ಬಾವುಟ ಹಾರಿಸಿದ ಮೇಲೆ, ಯುದ್ಧದ ಕಥೆ ಹೇಳಿ ಎಂದು ಅವರ ಕೈಗೆ ಮೈಕು ಕೊಟ್ಟೆವು.

“ನಾನು ಪೈಲಟ್ ಅಲ್ಲ. ವಿಮಾನದ ಚಕ್ರಕ್ಕೆ ಮರದ ಅಡ್ಡ ಇಡೋನು, ತೆಗೆದು ಪೈಲಟ್‌ಗೆ ಹೆಬ್ಬೆರಳೆತ್ತಿ ತೋರ್ಸೋನು,” ಎಂದರು. “ಒಂದಿನ ಸೈರನ್ ಕೂಗ್ತು. ಶತ್ರು ವಿಮಾನ ತಲೆ ಮೇಲೇ ಬಂದ್ಬಿಡ್ತು. ನಮ್ಮ ಪೈಲಟ್ ಎಂಜಿನ್ ಸ್ಟಾರ್ಟ್ ಮಾಡಿ, ಅಡ್ಡ ತೆಗಿ ಅಂತ ಕೈ ಮಾಡ್ತಿದ್ರು. ನಾನು ಕಂದಕಕ್ಕೆ ಹಾರ್ಬಿಟ್ಟೆ. ಮೆಸ್ಸಿನ ಅಡುಗೆಯವನು ಓಡ್ಬಂದು ತೆಗ್ದ. ವಿಮಾನ ಮೇಲೆ ಹೋಯ್ತು, ವಾಪಸ್ಸೂ ಬಂತು. ಪೈಲಟ್ ನನ್ನ ಬೈಲಿಲ್ಲ. ಟೀ ಕುಡಿದ್ಯಾ ಅಂದ್ರು, ಅಷ್ಟೇ.”

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಲಾಡು ಹಂಚಿದೆವು. ಹಿಂದೆ ನಿಂತು ಕೇಳುತ್ತಿದ್ದ ತರಕಾರಿಯವಳಿಗೂ ಒಂದು ಕೊಟ್ಟೆವು.

ಮರುದಿನ ಅವರ ಗೇಟಿನ ಸದ್ದಾಗುತ್ತಲೇ ಅವಳು ತಾನೇ ಬಗ್ಗಿದಳು.

“ಬಿಡಿ ಸಾರ್, ನಿಮಗ್ಯಾಕೆ ಕಷ್ಟ, ನಾನೇ ತೆಗೀತೀನಿ.”

ಮರ್ಯಾದೆಗೆಂದೇ ಹೇಳಿದ್ದಳು. ಗಾಡಿ ಹೊರಟಿತು. ಅಭ್ಯಾಸಬಲದಿಂದ ಎತ್ತಿದ್ದ ಹೆಬ್ಬೆರಳನ್ನು ಅಂಕಲ್ ಮೆಲ್ಲಗೆ ಮಡಚಿ, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.