ಅರ್ಧ ವಕೀಲನ ಮಗಳ ಹೇಳಿಕೆ

ನನ್ನ ಅಣ್ಣ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬೀದಿಯ ಜನ ಅವನನ್ನು ಕರೆಯುವುದು ಮಾತ್ರ ಅರ್ಧ ವಕೀಲ ಎಂದು. ಮುಖದೆದುರಿಗೇ ಕರೆಯುತ್ತಾರೆ, ಅವನೂ ಬೀಗುತ್ತಾನೆ. ಪೂರ್ತಿ ವಕೀಲ ಯಾಕಾಗಲಿಲ್ಲ ಎಂಬುದಕ್ಕೆ ಕಾರಣವಿದೆ. ಕಾನೂನು ಪುಸ್ತಕ, ನಿಯಮಾವಳಿ, ಸುತ್ತೋಲೆ ಎಲ್ಲವೂ ಅವನ ಅಂಗಡಿಗೆ ಬಿಡಿ ಹಾಳೆಗಳಾಗಿ ಬರುತ್ತವೆ. ಅವನು ಹಾಳೆ ಮಡಚುತ್ತಾ ಓದುತ್ತಾನೆ. ಮಡಚುವಾಗ ಮೇಲೆ ಕಂಡ ಪುಟ ಅವನ ತಲೆಗೆ ಹೋಗುತ್ತದೆ, ಮಡಿಕೆಯೊಳಗೆ ಹೋದ ಪುಟ ಓದದೆ ಅಲ್ಲೇ ಉಳಿಯುತ್ತದೆ. ಹೀಗಾಗಿ ಬಾಡಿಗೆದಾರನ ಹಕ್ಕುಗಳೆಲ್ಲ ಅವನಿಗೆ ಬಾಯಿಪಾಠ. ಬಾಡಿಗೆದಾರನ ಕರ್ತವ್ಯ ಒಂದೂ ಗೊತ್ತಿಲ್ಲ.

ನಾನು ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆ. ಹೋದ ಬೇಸಿಗೆ ರಜೆಯಲ್ಲಿ ಲೈಬ್ರರಿಯ ಹಳೆಯ ಪುಸ್ತಕಗಳ ಜೊತೆಗೆ ಶಾಲೆಯ ನಿಯಮ ಪುಸ್ತಕದ ಕೆಲಸವನ್ನೂ ಅವನಿಗೆ ಕೊಡಿಸಿದವಳು ನಾನೇ. ಮಾಡಿದ್ದುಣ್ಣಬೇಕಲ್ಲ, ಉಂಡೆ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನದು. ಬೆಳಿಗ್ಗೆ ಎದ್ದರೆ ವಿದ್ಯಾರ್ಥಿಯ ಹಕ್ಕು, ಸಂಜೆಯಾದರೆ ಪೋಷಕರ ಹಕ್ಕು.

"ಆರೋಪ ಏನು ಅಂತ ಬರೆದು ಕೊಡ್ಬೇಕು. ಶಿಕ್ಷೆ ಕೊಡೋ ಮುಂಚೆ ಮಗುವಿನ ಮಾತು ಕೇಳ್ಬೇಕು. ಅಪ್ಪ ಅಮ್ಮ ಪಕ್ಕದಲ್ಲಿ ಕೂತ್ಕೋಬಹುದು. ಕಡತ ತೋರಿಸಿ ಅಂದ್ರೆ ತೋರಿಸಲೇಬೇಕು."

"ಮೊದ್ಲು ಊಟ ಮಾಡೋ ಹಕ್ಕು ಚಲಾಯಿಸಿ, ತಣ್ಣಗಾಗ್ತಿದೆ," ಎನ್ನುವುದು ಅತ್ತಿಗೆಯ ನಿತ್ಯದ ಉತ್ತರ.

ಅವರ ಒಬ್ಬಳೇ ಮಗಳು ನಮ್ಮ ಶಾಲೆಯಲ್ಲೇ ಒಂಬತ್ತನೇ ತರಗತಿ. ಮಾತು ಕಡಿಮೆ. ಆ ಮನೆಯಲ್ಲಿ ಇನ್ನೊಬ್ಬರ ಮಾತಿಗೆ ಜಾಗವೂ ಕಡಿಮೆ ಎನ್ನಿ.

ವಾರ್ಷಿಕ ಪರೀಕ್ಷೆಗೆ ಇನ್ನು ಹತ್ತು ದಿನ ಇರುವಾಗ ಲೈಬ್ರರಿ ಸರ್ ಅವಳನ್ನು ಹಿಡಿದು ತಂದರು. ಅವಳ ಚೀಲದಲ್ಲಿ ಲೈಬ್ರರಿಯ ಜೀವಶಾಸ್ತ್ರದ ದಪ್ಪ ಪುಸ್ತಕ. ಅದರಿಂದ ಬಿಡಿಸಿದ ಮೂವತ್ತೆರಡು ಪುಟ. ಜೊತೆಗೆ ಬ್ಲೇಡು, ಸೂಜಿ, ದಾರ. ಯಾಕೆ ಹೀಗೆ ಮಾಡಿದೆ ಎಂದು ಯಾರು ಕೇಳಿದರೂ ಹುಡುಗಿ ತುಟಿ ಬಿಚ್ಚಲಿಲ್ಲ. ನಾನು ಕೇಳಿದರೂ "ಏನಿಲ್ಲ ಅತ್ತೆ" ಅಷ್ಟೆ. ಲೈಬ್ರರಿ ಪುಸ್ತಕ ಕೆಡಿಸಿದವರಿಗೆ ಮೂರು ವಾರ ಶಾಲೆಗೆ ಪ್ರವೇಶವಿಲ್ಲ ಎಂದು ನಿಯಮ. ಆ ಮೂರು ವಾರದೊಳಗೆ ಪರೀಕ್ಷೆ ಬಂದು ಹೋಗುತ್ತದೆ, ಅವಳ ಒಂದು ವರ್ಷವೂ ಹೋಗುತ್ತದೆ. ನನಗೆ ನಿಜವಾಗಿ ಭಯವಾಯಿತು.

ಅಣ್ಣನಿಗೂ ಭಯವಾಗಿರಬೇಕು, ಆದರೆ ಅವನ ಭಯ ಕೂಡ ಭಾಷಣದ ರೂಪದಲ್ಲೇ ಬರುವುದು. ವಿಚಾರಣೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿಗೆ ಹತ್ತಿದ ಅಂಟು ಕೆರೆದುಕೊಂಡು, ನಿಯಮ ಪುಸ್ತಕ ಕಂಕುಳಲ್ಲಿಟ್ಟು ಬಂದ. ಹೆಡ್ ಮೇಡಂ ಕೋಣೆಯಲ್ಲಿ ಒಂದು ಮೇಜು, ಐದು ಕುರ್ಚಿ. ಮೇಜಿನ ಮೇಲೆ ಪುಸ್ತಕ ಮತ್ತು ಬಿಡಿ ಪುಟಗಳು. ಅಲ್ಲಿ ಹೇಳಿದ್ದನ್ನು ದಾಖಲು ಮಾಡುವುದು ನನ್ನ ಕೆಲಸ. ಬೇರೆ ಗುಮಾಸ್ತರಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ, ಇರಲಿಲ್ಲ. ನಮೂನೆಯಲ್ಲಿ ಎರಡು ಭಾಗ. ಮೇಲೆ ಪೋಷಕರ ಹೇಳಿಕೆ, ಕೆಳಗೆ ವಿದ್ಯಾರ್ಥಿಯ ಹೇಳಿಕೆ.

"ಗುಮಾಸ್ತರೇ, ಒಂದಕ್ಷರ ಬಿಡದೆ ಬರ್ಕೊಳ್ಳಿ," ಎಂದ. ಮನೆಯಲ್ಲಿ ನನ್ನನ್ನು 'ಲೇ' ಎನ್ನುವ ಮನುಷ್ಯ.

ಆಮೇಲೆ ಶುರುವಾಯಿತು. ಮಗುವಿನ ಮಾತು ಕೇಳದೆ ಶಿಕ್ಷೆ ಕೊಡುವಂತಿಲ್ಲ ಎಂಬುದನ್ನು ಅವನು ಮೂರು ರೀತಿಯಲ್ಲಿ ಹೇಳಿದ. ಮಗಳು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಇವನು "ನೀನಿರು, ನಿನ್ನ ಹಕ್ಕಿನ ಬಗ್ಗೆನೇ ಮಾತಾಡ್ತಿದೀನಿ" ಎಂದು ಸುಮ್ಮನಾಗಿಸಿದ. ನಾನು ಒಂದೂವರೆ ಪುಟ ಬರೆದೆ. ಕೆಳಗಿನ ಭಾಗ ಖಾಲಿ.

ಹೆಡ್ ಮೇಡಂ ತಾಳ್ಮೆಯ ಹೆಂಗಸು. ಅವನ ನಿಯಮ ಪುಸ್ತಕವನ್ನೇ ಕೇಳಿ ಪಡೆದು, ಒಂದು ಪುಟ ತಿರುಗಿಸಿ ಅವನ ಮುಂದಿಟ್ಟರು. "ಇದನ್ನೂ ಓದಿ ಯಜಮಾನ್ರೆ."

ಪೋಷಕರು ಹಾಜರಿರಬಹುದು, ಆದರೆ ವಿದ್ಯಾರ್ಥಿಯ ಪರವಾಗಿ ಉತ್ತರಿಸುವಂತಿಲ್ಲ ಎಂದು ಅಲ್ಲಿತ್ತು. ಅಣ್ಣ ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅದು ಒಳಗೆ ಹೋದ ಪುಟ, ಅವನು ಕಂಡಿರಲಿಲ್ಲ. ನನಗೆ ತಿಳಿದ ಮಟ್ಟಿಗೆ ಅವನು ಮಾತಿನ ಮಧ್ಯೆ ನಿಂತದ್ದು ಅದೇ ಮೊದಲು.

"ಹೇಳಮ್ಮ," ಎಂದರು ಮೇಡಂ.

ಹುಡುಗಿ ಅಪ್ಪನ ಮುಖ ನೋಡಲಿಲ್ಲ. "ನಾನು ಕೆಡಿಸಿಲ್ಲ ಮೇಡಂ. ಅದರಲ್ಲಿ ಅರವತ್ತನಾಲ್ಕನೇ ಪುಟ ಆದ್ಮೇಲೆ ಎಂಬತ್ತೊಂದು ಬರ್ತಿತ್ತು. ಊಟ ಹೊಟ್ಟೆಗೆ ಇಳಿಯೋಷ್ಟರಲ್ಲಿ ಕಿವಿ ತಮಟೆ ಪಾಠ ಬಂದ್ಬಿಡ್ತಿತ್ತು. ಬಿಚ್ಚಿ ಸರಿಯಾಗಿ ಹೊಲಿದಿಡೋಣ ಅಂತ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

ಹುಡುಗಿ ಬಿಡಿ ಪುಟಗಳ ಅಂಚು ಜೋಡಿಸತೊಡಗಿದಳು. ಲೈಬ್ರರಿ ಸರ್ ಕೆಮ್ಮಿದರು. "ಈಗ ಬಿಡಿಬಿಡಿಯಾಗಿದೆ. ಮೊದಲು ಹೇಗಿತ್ತು ಅನ್ನೋಕೆ ಸಾಕ್ಷಿ ಏನು?"

ಸಾಕ್ಷಿ ಇತ್ತು, ಆದರೆ ಎಲ್ಲರ ಕಣ್ಣಿಗೆ ಕಾಣುವಂಥದ್ದಲ್ಲ. ಹದಿನಾರು ಪುಟಗಳ ಒಂದು ಮಡಿಕೆಗೆ ಬೈಂಡರುಗಳು ಫಾರಂ ಎನ್ನುತ್ತಾರೆ. ಹೊಲಿಯುವ ಮುನ್ನ ಅಣ್ಣ ಪ್ರತಿ ಫಾರಂನ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಸಣ್ಣದಾಗಿ ಸಂಖ್ಯೆ ಹಾಕುತ್ತಾನೆ. ಅಂಟು ಸವರಿದ ಮೇಲೆ ಅದು ಕೊಳೆಯ ಗೆರೆಯ ಹಾಗೆ ಕಾಣುತ್ತದೆ, ಅಷ್ಟೆ. ಅವನು ಎರಡು ಫಾರಂಗಳನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ನಾನೂ ಬಗ್ಗಿ ನೋಡಿದೆ. ಐದನೆಯದಾಗಿ ಬರಬೇಕಾದದ್ದರ ಬೆನ್ನಿಗೆ ಆರು, ಆರನೆಯದಕ್ಕೆ ಐದು. ಕೊಕ್ಕೆ ಬಾಲದ ಆ ಐದು ನನ್ನಣ್ಣನದೇ.

ಅವನು ಸುಮ್ಮನೆ ಕೆಳಗಿಟ್ಟಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹೇಳುತ್ತಿದ್ದೆನೋ ಇಲ್ಲವೋ, ಈಗಲೂ ಖಾತ್ರಿಯಿಲ್ಲ. ಅವನು ಆ ಎರಡು ಸಂಖ್ಯೆಗಳನ್ನು ಮೇಡಂ ಕಡೆಗೆ ತಿರುಗಿಸಿ ಇಟ್ಟ.

"ನನಗೊಂದು ಮಾತು ಹೇಳಬಹುದಿತ್ತಲ್ಲೇ," ಎಂದ ಮಗಳಿಗೆ, ತೀರಾ ಮೆತ್ತಗೆ.

"ಹೇಳೋಣ ಅಂತ ಎರಡು ಸಂಜೆ ಪುಸ್ತಕ ಹಿಡ್ಕೊಂಡು ಬಂದೆ ಅಪ್ಪ. ಎರಡು ದಿನಾನೂ ನೀನು ಮಕ್ಕಳ ಮಾತು ಕೇಳ್ಬೇಕು ಅಂತ ಅಮ್ಮಂಗೆ ಹೇಳ್ತಾ ಇದ್ದೆ," ಎಂದಳು. "ಆಮೇಲೆ ಇವರು ಹಿಡಿದ್ರು. ಇವರ ಮುಂದೆ ಹೇಳಿದ್ರೆ ಪುಸ್ತಕ ಕಟ್ಟಿದ್ದು ನೀನು ಅಂತ ಆಗ್ತಿತ್ತಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಣ್ಣೂ ಮಂಜಾಗಿತ್ತು. ನನಗೆ ಒರೆಸಿಕೊಳ್ಳಲು ಕನ್ನಡಕವಿರಲಿಲ್ಲ. ಅವಳು ಹೇಳಿದ್ದನ್ನು ಕೆಳಗಿನ ಭಾಗದಲ್ಲಿ ಹೇಳಿದ ಹಾಗೇ ಬರೆದೆ.

ಅಣ್ಣ ಕುರ್ಚಿಯಿಂದ ಎದ್ದು ನಿಂತ. "ಮೇಲೆ ನಂದು ಬರೆದಿದೀಯಲ್ಲ, ಅಷ್ಟನ್ನೂ ಹೊಡೆದು ಹಾಕು."

ಒಂದೂವರೆ ಪುಟದ ಮೇಲೆ ಗೆರೆ ಎಳೆದೆ.

"ಈಗ ಬರಿ. ಪುಸ್ತಕ ಕೆಡಿಸಿದ್ದು ಪೋಷಕ. ವಿದ್ಯಾರ್ಥಿನಿ ಅದನ್ನ ಸರಿ ಮಾಡ್ತಿದ್ದಳು."

"ಇನ್ನೇನಾದ್ರೂ ಸೇರಿಸ್ಬೇಕಾ?" ಎಂದು ಮೇಡಂ ಕೇಳಿದರು.

"ಇಲ್ಲ ಮೇಡಂ," ಎಂದ ನನ್ನಣ್ಣ, "ಇನ್ನೇನಿದ್ರೂ ಅವಳನ್ನೇ ಕೇಳಿ."