ಮುರಿಯದ ಬೋಲ್ಟು

ಮೊನ್ನೆ ಅಂಗಡಿಗೆ ಬಂದ ಟ್ರ್ಯಾಕ್ಟರ್ ಡ್ರೈವರೊಬ್ಬ ಬೋಲ್ಟು ತರುವ ಬದಲು ಅದರ ಫೋಟೋ ತಂದಿದ್ದ. ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, ಇಂಥವು ನಾಲ್ಕು ಬೇಕು ಎಂದ. ಈಗೀಗ ಇದು ಹೆಚ್ಚಾಗಿದೆ. ಫೋಟೋದಲ್ಲಿ ಎಲ್ಲ ಬೋಲ್ಟುಗಳೂ ಒಂದೇ ಗಾತ್ರದವು. ಬೆರಳಿನಿಂದ ಹಿಗ್ಗಿಸಿದರೆ ಕನ್ನಡಕದ ತಿರುಪನ್ನೂ ರೈಲ್ವೆ ಸೇತುವೆಗೆ ಹಾಕಬಹುದು. ಹಳೆಯದನ್ನೇ ಬಿಚ್ಚಿಕೊಂಡು ಬಾರಪ್ಪ ಎಂದು ನಾನು ಗೊಣಗಿದೆ. ಬಿಚ್ಚಿದರೆ ಟ್ರೇಲರ್ ನಿಂತಲ್ಲೇ ಕೂರುತ್ತದೆ ಎಂದು ಅವನೂ ಗೊಣಗಿದ. ಆಮೇಲೆ ಅದೇನು ದೊಡ್ಡ ಮಾತಲ್ಲ ಎಂಬಂತೆ ಹೇಳಿದ:

“ಹಡಗಲಿ ಹಾಲೇಶಪ್ಪಾರು ಕಟ್ಟಿದ ಟ್ರೇಲರ್ರೀ ಅಕ್ಕಾ ಇದು. ಅವರೇ ಕಳಿಸ್ಯಾರ. ಕೊಟ್ಟೂರಾಗ ಆ ಅಂಗಡಿಗೇ ಹೋಗು, ಅವರು ತಪ್ಪು ಬೋಲ್ಟ್ ಕೊಡಂಗಿಲ್ಲ ಅಂದ್ರು.”

ಹಾಲೇಶಪ್ಪನವರ ಹೆಸರನ್ನು ಯಾರ ಬಾಯಿಂದಲೂ ಕೇಳದೆ ಹನ್ನೆರಡು ವರ್ಷಗಳಾಗಿದ್ದವು. ಡ್ರೈವರನಿಂದ ಆಕ್ಸಲ್ಲಿನ ದಪ್ಪ, ಸ್ಪ್ರಿಂಗ್ ಪಟ್ಟಿಗಳ ಲೆಕ್ಕ ಕೇಳಿಕೊಂಡು ಒಳಗೆ ಹೋದವಳು, ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟುಗಳ ಎದುರು ನಿಂತುಬಿಟ್ಟೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಹನ್ನೆರಡು ವರ್ಷವೂ ನನ್ನನ್ನು ಒಂದೇ ಪ್ರಶ್ನೆ ಕಾಡಿದೆ. ಆ ಮನುಷ್ಯ ವಾರವಾರ ನಮ್ಮ ಅಂಗಡಿಗೆ ಬರುತ್ತಿದ್ದದ್ದು ಬೋಲ್ಟಿಗಾಗಿಯೋ, ನನಗಾಗಿಯೋ?

ಅಂಗಡಿ ಅಪ್ಪನದು. ಬರೀ ಬೋಲ್ಟು, ನಟ್ಟು, ವಾಷರ್. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದಾಗ ಅಪ್ಪನ ಕಣ್ಣು ಮಂಜಾಯಿತು. ಬೋಲ್ಟಿನ ಥ್ರೆಡ್ಡು ನೋಡಿ ಹೇಳಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮದುವೆಯಾಗುವವರೆಗೆ ಮಾತ್ರ ಎಂದಿದ್ದರು. ವರಗಳು ಬಂದವು, ಹೋದವು. ಹುಡುಗಿ ಕಬ್ಬಿಣದಂಗಡಿಯಲ್ಲಿ ಕೂರುತ್ತಾಳಂತೆ ಎಂದು ಒಂದು ಮನೆಯವರು, ಕೈ ಒರಟಂತೆ ಎಂದು ಇನ್ನೊಂದು ಮನೆಯವರು. ಕೈ ಒರಟಾಗಿದ್ದದ್ದು ನಿಜ. ಕೊನೆಗೆ ಬರುವುದೇ ನಿಂತಿತು. ಅಪ್ಪ ಹೋದರು, ಆಮೇಲೆ ಅವ್ವನೂ ಹೋದಳು, ನಾನು ಅದೇ ಸ್ಟೂಲಿನ ಮೇಲೆ ಉಳಿದೆ.

ಅಪ್ಪ ಕಲಿಸಿದ್ದು ಎರಡೇ ಎರಡು. ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ನೋಡದೆ ಹೊಸದನ್ನು ಕೊಡಬಾರದು. ಅದು ಯಾವುದಕ್ಕೆ ಹಾಕುವುದು ಎಂದು ಕೇಳದೆಯೂ ಕೊಡಬಾರದು. ಹೀಗಾಗಿ ಚಿಗಟೇರಿಯಿಂದ ಬರಲಿ, ಗುಡೇಕೋಟೆಯಿಂದ ಬರಲಿ, ನಮ್ಮ ಗಿರಾಕಿಗಳು ಮುರಿದ ಬೋಲ್ಟನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡೋ, ಅಂಗಿಯ ಜೇಬಿಗೆ ಗ್ರೀಸು ಮೆತ್ತಿಸಿಕೊಂಡೋ ತಂದೇ ತರುತ್ತಿದ್ದರು. ನಾನು ಅದನ್ನು ಬೆಳಕಿಗೆ ಹಿಡಿದು, ಡಾಕ್ಟರು ನಾಲಿಗೆ ನೋಡಿದ ಹಾಗೆ ನೋಡಿ, ತೀರ್ಪು ಕೊಡುತ್ತಿದ್ದೆ. ತಲೆ ಹಾರಿದ್ದರೆ ಅತಿಯಾಗಿ ಬಿಗಿದಿದ್ದೀರಿ. ಥ್ರೆಡ್ಡು ಸವೆದಿದ್ದರೆ ಸಡಿಲ ಬಿಟ್ಟು ಓಡಿಸಿದ್ದೀರಿ. ಗಂಡಸರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಆ ಸುಖವನ್ನು ನಾನು ಬಹಳ ವರ್ಷ ಅನುಭವಿಸಿದ್ದೇನೆ.

ಬೋಲ್ಟು ಎಂದರೆ ಬೋಲ್ಟೇ ಅಲ್ಲವೇ ಎಂದು ನೀವು ಅಂದುಕೊಂಡಿರಬಹುದು. ಆರು ಮೂಲೆಯ ತಲೆಯದು ಎಲ್ಲ ಕಡೆ ನಡೆಯುತ್ತದೆ. ಅದರಲ್ಲೂ ಮೈತುಂಬ ಥ್ರೆಡ್ಡಿನದು ಬೇರೆ, ಅರ್ಧ ಮೈ ನುಣುಪಾಗಿರುವುದು ಬೇರೆ. ಎರಡು ಪಟ್ಟಿಗಳು ಒಂದರ ಮೇಲೊಂದು ಎಳೆದಾಡುವ ಕಡೆ ನುಣುಪು ಮೈಯದೇ ಬೇಕು. ತಗಡಿನ ಚಾವಣಿಗೆ ಕೊಡೆಯ ಹಿಡಿಯಂತೆ ಬಾಗಿದ ಜೆ-ಬೋಲ್ಟು. ತೂಗುಮಂಚಕ್ಕೆ, ಮೋಟಾರು ಎತ್ತುವುದಕ್ಕೆ ತಲೆಯಲ್ಲಿ ಬಳೆ ಇರುವ ಐ-ಬೋಲ್ಟು. ಹಿಟ್ಟಿನ ಗಿರಣಿಯನ್ನು ನೆಲಕ್ಕೆ ಹಿಡಿದಿಡುವುದು ಕಾಂಕ್ರೀಟಿನಲ್ಲಿ ಹುಗಿದ ಬೋಲ್ಟು. ಅದನ್ನು ಹಾಕಿದವರೂ ಮತ್ತೆ ನೋಡುವುದಿಲ್ಲ. ಇನ್ನು ಟ್ರ್ಯಾಕ್ಟರಿನ ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರಿಗೆ ಬೇಕೆಂದೇ ಒಂದು ಮೆದು ಬೋಲ್ಟು ಹಾಕಿರುತ್ತಾರೆ. ಹೊಲದಲ್ಲಿ ಕಲ್ಲು ತಗುಲಿದರೆ ಅದು ಮೊದಲು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತದೆ. ನಮ್ಮ ಜನಕ್ಕೆ ಅದು ಪದೇ ಪದೇ ಮುರಿಯುವುದೇ ಸಿಟ್ಟು. ಎಲ್ಲಕ್ಕಿಂತ ಗಟ್ಟಿಯದು ಕೊಡ್ರಿ ಎಂದು ಹಟ ಹಿಡಿದು ಒಯ್ದು, ಮುಂದಿನ ವಾರ ಗೇರ್‌ಬಾಕ್ಸನ್ನೇ ಹೊತ್ತು ತಿರುಗುತ್ತಾರೆ. ಇಂಥವರಿಗೆ ಬುದ್ಧಿ ಹೇಳಿ ಹೇಳಿಯೇ ನನ್ನ ಗಂಟಲು ಇಷ್ಟು ದೊಡ್ಡದಾಗಿದೆ.

ಹಾಲೇಶಪ್ಪನವರಿಗೆ ಬುದ್ಧಿ ಹೇಳುವ ಪ್ರಸಂಗ ಬರಲಿಲ್ಲ. ಟ್ರೇಲರ್ ಕಟ್ಟುವ ಕೈ. ನನಗಿಂತ ಚೆನ್ನಾಗಿ ಬೋಲ್ಟು ಬಲ್ಲವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತೆಂದೂ, ಮಕ್ಕಳಿಲ್ಲವೆಂದೂ ಅವರೇ ಒಮ್ಮೆ ಹೇಳಿದ್ದರು. ಗುರುವಾರ ಹನ್ನೊಂದರ ಹೊತ್ತಿಗೆ ಬರುವರು. ಮುರಿದ ಬೋಲ್ಟನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿ ತರುವರು. ಗಲ್ಲಾದ ಮೇಲೆ ಅದನ್ನು ಬಿಡಿಸಿಟ್ಟು, ನಾನು ನೋಡುತ್ತಿರುವಷ್ಟು ಹೊತ್ತೂ ಅಲ್ಲೇ ನಿಂತಿರುವರು. ಕೊಟ್ಟ ಬೋಲ್ಟಿಗೆ ನಟ್ಟನ್ನು ಬೆರಳಿನಿಂದಲೇ ತುದಿಯವರೆಗೆ ತಿರುಗಿಸಿ ನೋಡಿ ಕೊಡುವುದು ನನ್ನ ಪದ್ಧತಿ. ಅದನ್ನು ನೋಡಿ, ಹೀಗೆ ಮಾಡಿಕೊಡುವವರು ಯಾರೂ ಇಲ್ಲ ಎನ್ನುತ್ತಿದ್ದರು. ಹಡಗಲಿಯಲ್ಲಿ ಬೋಲ್ಟಿನ ಅಂಗಡಿ ಇಲ್ಲವೇ? ಇದೆ. ನಡುವೆ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಬೇಕಲ್ಲ, ಅಲ್ಲಿ ನಮ್ಮದಕ್ಕಿಂತ ದೊಡ್ಡ ಅಂಗಡಿಗಳೇ ಇವೆ. ಅವೆಲ್ಲವನ್ನೂ ದಾಟಿ ಇವರು ಇಲ್ಲಿಗೇಕೆ ಬರುತ್ತಾರೆ ಎಂದು ನಾನು ಯೋಚಿಸಲಿಲ್ಲವೆ? ಯೋಚಿಸಿದೆ. ನಮ್ಮ ಸರಕು ಚೆನ್ನಾಗಿದೆ ಎಂದು ತೀರ್ಮಾನಿಸಿದೆ.

ನನ್ನ ಮಂದಬುದ್ಧಿಗೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ಮಲ್ಲಿಗೆಯ ದಿನಗಳಲ್ಲಿ ಅವರು ಹೂವು ತರುತ್ತಿದ್ದರು. ಎಲೆಯಲ್ಲಿ ಕಟ್ಟಿದ್ದು, ಇನ್ನೂ ತಂಪಾಗಿರುತ್ತಿತ್ತು. ಊರಲ್ಲಿ ಚೆನ್ನಾಗಿ ಬಂದಿತ್ತು, ತಂದೆ ಎಂದಷ್ಟೇ ಹೇಳಿ ಗಲ್ಲಾದ ಮೂಲೆಗೆ ಇಡುತ್ತಿದ್ದರು. ನಾನು ಅಷ್ಟನ್ನೂ ದೇವರ ಫೋಟೋಕ್ಕೆ ಹಾಕುತ್ತಿದ್ದೆ. ಒಂದು ಮೊಳ ಮುರಿದು ಜಡೆಗೆ ಮುಡಿದುಕೊಳ್ಳಬೇಕೆಂದು ಹೊಳೆಯಲೇ ಇಲ್ಲ. ಮುಂದಿನ ವಾರ ಬಂದಾಗ ಅವರು ಫೋಟೋ ನೋಡುತ್ತಿದ್ದರು, ಆಮೇಲೆ ನನ್ನ ತಲೆಯ ಕಡೆ ನೋಡುತ್ತಿದ್ದರು. ಭಕ್ತಿ ಇರುವ ಮನುಷ್ಯ ಎಂದುಕೊಂಡಿದ್ದೆ.

ಕೊನೆಯ ಸಲ ಬಂದ ಗುರುವಾರವೂ ಕರವಸ್ತ್ರ ಬಿಡಿಸಿದರು. ಟ್ರೇಲರಿನ ಹಲಗೆಗೆ ಹಾಕುವ ಗುಂಡು ತಲೆಯ ಬೋಲ್ಟು. ಅದರ ಕತ್ತು ಚೌಕವಾಗಿರುತ್ತದೆ. ಮರದೊಳಗೆ ಕಚ್ಚಿ ಕೂತರೆ ಮತ್ತೆ ತಿರುಗುವುದಿಲ್ಲ, ಹಿಂದಿನಿಂದ ಒಂದೇ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಬಿಗಿಯಬಹುದು. ಕೈಗೆತ್ತಿಕೊಂಡು ನೋಡಿದೆ. ತಲೆ ಸರಿಯಾಗಿತ್ತು. ಕತ್ತು ಸರಿಯಾಗಿತ್ತು. ನಟ್ಟು ತಿರುಗಿಸಿದೆ, ಬೆಣ್ಣೆಯಂತೆ ಇಳಿಯಿತು. ಇನ್ನೊಮ್ಮೆ ಬೆಳಕಿಗೆ ಹಿಡಿದು, ನನ್ನ ಡಾಕ್ಟರಿಕೆಯ ಗತ್ತಿನಲ್ಲಿ ಹೇಳಿದೆ:

“ಇದಕ್ಕೇನೂ ಆಗಿಲ್ಲಲ್ರೀ. ಇನ್ನೂ ಹತ್ತು ವರ್ಷ ನಡೀತೈತಿ. ಸುಮ್ಮನ ಯಾಕ ಅಷ್ಟು ದೂರದಿಂದ ತಿರುಗ್ತೀರಿ? ತಗೊಂಡು ಹೋಗ್ರಿ.”

“ಹಂಗಂತೀರಾ?” ಎಂದರು.

ಹೌದು ಎಂದೆ. ಅವರು ಬೋಲ್ಟನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದರು. ಸುತ್ತಲು ಬಹಳ ಹೊತ್ತು ತೆಗೆದುಕೊಂಡರು. ನಮಸ್ಕಾರ ಮಾಡಿ ಹೋದರು. ಬೇಕೆಂದು ಬಂದವರಿಗೂ ಬೇಡವಾದದ್ದನ್ನು ಮಾರಲಿಲ್ಲ ಎಂದು ಅವತ್ತು ಸಂಜೆಯವರೆಗೆ ನನಗೆ ನನ್ನ ಮೇಲೇ ಹೆಮ್ಮೆ.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಟ್ಯೂಬ್‌ಲೈಟ್ ಕೂಡ ನನ್ನಷ್ಟು ತಡ ಮಾಡುವುದಿಲ್ಲ. ನನಗೆ ಹೊತ್ತಿಕೊಂಡದ್ದು ಆರು ತಿಂಗಳ ಮೇಲೆ. ಯಾರಿಗೋ ಬೋಲ್ಟು ಕೊಡುತ್ತ ನಟ್ಟು ತಿರುಗಿಸುತ್ತಿದ್ದವಳ ಬೆರಳು ನಿಂತುಹೋಯಿತು. ಟ್ರೇಲರ್ ಕಟ್ಟುವ ಮನುಷ್ಯನಿಗೆ ಬೋಲ್ಟು ಮುರಿದಿಲ್ಲವೆಂದು ನಾನು ಹೇಳಿಕೊಡಬೇಕಾಗಿತ್ತೆ? ಅಂದಿನಿಂದ ಒಂದು ದಿನ ಹೌದು, ನನಗಾಗಿಯೇ ಬಂದಿದ್ದರು ಎನಿಸುತ್ತಿತ್ತು. ಮರುದಿನ ಕನ್ನಡಿ ನೋಡಿಕೊಂಡು, ನಿನಗೆ ಹುಚ್ಚು ಎಂದುಕೊಳ್ಳುತ್ತಿದ್ದೆ. ಹಡಗಲಿ ಎರಡು ಬಸ್ಸಿನ ದಾರಿ. ಆದರೂ ಹೋಗಲಿಲ್ಲ. ಹೋಗಿ ಏನೆಂದು ಕೇಳುವುದು?

ಡ್ರೈವರ್ ಬಂದುಹೋದ ಮೇಲೆ ಇನ್ನು ತಡೆಯಲಾಗಲಿಲ್ಲ. ಅಂಗಡಿಯ ರಜೆಯ ದಿನ ಹೊರಟೇಬಿಟ್ಟೆ. ಐವತ್ಮೂರು ವರ್ಷದವಳು ಯಾವ ಸೀರೆ ಉಡಲಿ ಎಂದು ಅರ್ಧ ಗಂಟೆ ಬೀರುವಿನ ಮುಂದೆ ನಿಂತಿದ್ದೆ ಎಂದರೆ ನೀವು ನಗುತ್ತೀರಿ. ನಗಿ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದಾಗ ವಾಪಸ್ಸು ಹೋಗಿಬಿಡಲೇ ಎಂದು ಎರಡು ಬಸ್ಸು ಬಿಟ್ಟೆ.

ವರ್ಕ್‌ಶಾಪು ಹುಡುಕುವುದು ಕಷ್ಟವಾಗಲಿಲ್ಲ. ಹಾಲೇಶಪ್ಪನವರು ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು, ಕೂಡಲೇ ಗುರುತಿಸಿದರು. ಬರ್ರಿ ಎಂದು ಕುರ್ಚಿ ಒರೆಸಿದರು. ತಲೆಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಳಗಿನಿಂದ ಒಬ್ಬ ಹೆಂಗಸು ನೀರು ತಂದರು. ಹೆಂಡತಿ ಎಂದು ಅವರು ಹೇಳುವ ಮೊದಲೇ ನನಗೆ ತಿಳಿಯಿತು. ಆಕೆ ಗಂಗಮ್ಮ, ನೀಲಗುಂದದವರು. ಮದುವೆಯಾಗಿ ಹತ್ತು ವರ್ಷವಂತೆ. ನಾನು ಯಾರೆಂದು ತಿಳಿದದ್ದೇ ಅವರ ಮುಖ ಅರಳಿತು.

“ಅಯ್ಯ, ನೀವೇನ್ರೀ ಅಕ್ಕಾರ? ನಿಮ್ಮ ಸುದ್ದಿ ಎಷ್ಟು ಸಲ ಹೇಳ್ಯಾರ! ಎಲ್ಲಾರೂ ಬ್ಯಾಡಂದ್ರೂ ಮಾರತಾರ, ಅವರು ಬೇಕಂದ್ರೂ ಕೊಡ್ಲಿಲ್ಲ ಅಂತ.”

ಹಾಲೇಶಪ್ಪನವರು ಕೈಯ ಮಸಿ ಒರೆಸಿಕೊಳ್ಳುತ್ತಿದ್ದರು. ನಾನು ನಕ್ಕೆ. ಗಂಗಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಟ್ಟರು, ಚಹಾ ಕೊಟ್ಟರು, ಊಟ ಮಾಡಿಕೊಂಡೇ ಹೋಗಬೇಕೆಂದರು. ಒಳ್ಳೆಯ ಹೆಂಗಸು. ಅವರನ್ನು ಇಷ್ಟಪಡದಿರಲು ನಾನು ಪ್ರಯತ್ನಿಸಿದೆ, ಆಗಲಿಲ್ಲ. ಕುಂಕುಮ ಕೊಟ್ಟು ಕಳಿಸಿದರು.

ಬಸ್ ಸ್ಟ್ಯಾಂಡಿನವರೆಗೆ ಹಾಲೇಶಪ್ಪನವರು ಬಂದರು. ದಾರಿಯಲ್ಲಿ ಕಬ್ಬಿಣದ ರೇಟಿನ ಬಗ್ಗೆ ಮಾತಾಡಿದೆವು. ಬಸ್ಸು ಕಂಡಾಗ ಅವರು ನನ್ನ ಕಡೆ ನೋಡದೆ ಹೇಳಿದರು:

“ಅವತ್ತು ನಾನು ಹಂಗ ಹೊಳ್ಳಿ ಹೋಗಬಾರದಾಗಿತ್ತ್ರೀ. ಬಾಯಿಬಿಟ್ಟು ಹೇಳಬೇಕಾಗಿತ್ತು.”

“ನಾನೂ ಕೇಳಬೇಕಾಗಿತ್ತ್ರೀ” ಎಂದೆ.

ಅಷ್ಟೇ. ಬಸ್ಸು ಬಂತು, ಹತ್ತಿದೆ. ಕಿಟಕಿಯ ಕಡೆ ತಿರುಗಿ ಅತ್ತೆ. ಕಂಡಕ್ಟರ್ ಎರಡು ಸಲ ಟಿಕೆಟ್ ಎಂದು ಕೂಗಿ, ಮೂರನೆಯ ಸಲ ಮೆಲ್ಲಗೆ ಕೇಳಿದ. ನನ್ನನ್ನು ಯಾರೂ ಬಯಸಿ ಬರಲಿಲ್ಲ ಎಂದು ನಂಬಿಕೊಂಡು ಒಂಟಿಯಾಗಿರುವುದು ಒಂದು ಥರ. ಬಂದಿದ್ದವರನ್ನು ನಾನೇ ಕಳಿಸಿಕೊಟ್ಟೆ ಎಂದು ತಿಳಿದು ಒಂಟಿಯಾಗಿರುವುದು ಇನ್ನೊಂದು ಥರ. ಈ ಎರಡನೆಯದು ಹೆಚ್ಚು ನೋಯುತ್ತದೆ. ಆದರೂ ಮೊದಲಿನದು ನನಗೆ ವಾಪಸ್ಸು ಬೇಡ.

ಒಬ್ಬಳಿಗೇನು ಅಡುಗೆ ಎಂದು ನಾನು ಎಷ್ಟೋ ವರ್ಷಗಳಿಂದ ಒಲೆಯ ಹತ್ತಿರ ನಿಂತೇ ಏನಾದರೂ ತಿಂದು ಮುಗಿಸುತ್ತಿದ್ದೆ. ಅವತ್ತು ಮನೆಗೆ ಬಂದು ಮುಖ ತೊಳೆದು, ಎರಡು ರೊಟ್ಟಿ ಬಡಿದೆ, ಬದನೆಕಾಯಿ ಎಣಗಾಯಿ ಮಾಡಿದೆ. ಮಣೆ ಹಾಕಿಕೊಂಡು, ತಟ್ಟೆಯ ಪಕ್ಕ ತಂಬಿಗೆ ಇಟ್ಟುಕೊಂಡು, ಕುಳಿತು ಉಂಡೆ.